‘ಎ ನೈಟ್ ಅಟ್ ದಿ ಒಪೆರಾ’: ನಾಟಕದವನ ಕಿವಿಗೆ ಬಿದ್ದ ರಾಕ್ ಆಲ್ಬಂ

ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ‘ಬೊಹೀಮಿಯನ್ ರಾಪ್ಸೊಡಿ’ ಹಾಡು ಗೊತ್ತಿಲ್ಲದವರು ಕಡಿಮೆ. ಕಾಲೇಜು ಫೆಸ್ಟ್‌ಗಳಲ್ಲಿ ಒಂದಲ್ಲ ಒಂದು ಬ್ಯಾಂಡ್ ಅದಕ್ಕೆ ಕೈ ಹಾಕುತ್ತದೆ. 2018ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲಂತೂ ಕೇಳುವುದೇ ಬೇಡ. ಆದರೆ ಆ ಹಾಡು ಹುಟ್ಟಿದ ‘ಎ ನೈಟ್ ಅಟ್ ದಿ ಒಪೆರಾ’ ಆಲ್ಬಂ ಅನ್ನು ಮೊದಲಿಂದ ಕೊನೆತನಕ ಕೂತು ಕೇಳಿದವರು ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅದು ಆ ಆಲ್ಬಂನ ಹನ್ನೊಂದನೇ ಹಾಡು. ಹಿಂದಿನ ಹತ್ತನ್ನು ಬಿಟ್ಟು ಅದೊಂದನ್ನೇ ಕೇಳುವುದು ಅಂದರೆ ನಾಟಕಕ್ಕೆ ಕೊನೆಯ ಅಂಕದ ಹೊತ್ತಿಗೆ ಬಂದು ಕೂತ ಹಾಗೆ.

ನಾನು ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳಿಗೆ ಸೌಂಡ್ ನೋಡಿಕೊಳ್ಳುತ್ತೇನೆ. ಮಳೆ, ಗುಡುಗು, ಬಾಗಿಲು ಬಡಿಯುವ ಸದ್ದು, ರಂಗಗೀತೆಯ ಟ್ರ್ಯಾಕು, ಎಲ್ಲವನ್ನೂ ಕ್ಯೂ (ಈಗ ಬಿಡು ಅನ್ನುವ ಸೂಚನೆ) ನೋಡಿ ಬಿಡುವ ಕೆಲಸ. ರಾಕ್ ಸಂಗೀತವನ್ನು ಅರೆದು ಕುಡಿದವನಲ್ಲ, ಪಾಶ್ಚಾತ್ಯ ನೊಟೇಶನ್ ಓದಲೂ ಬರುವುದಿಲ್ಲ. ಅದಕ್ಕೇ ಈ ಆಲ್ಬಂ ಅನ್ನು ನನಗೆ ಗೊತ್ತಿದ್ದ ದಾರಿಯಲ್ಲೇ ಹಿಡಿದೆ. ಯಾರ ಎಂಟ್ರಿ, ಯಾವ ಕಡೆಯಿಂದ, ಸೀನು ಎಲ್ಲಿ ಮುಗಿಯಿತು, ಮುಂದಿನದು ಎಷ್ಟು ಬೇಗ ಶುರುವಾಯಿತು, ಇಷ್ಟನ್ನೇ ನೋಡುತ್ತಾ ಹೋದೆ.

ಮೊದಲು ಸ್ವಲ್ಪ ತಯಾರಿ ಬೇಕು. ಶಫಲ್ ಆಫ್ ಮಾಡಿ. ಇಲ್ಲಿ ಕೆಲವು ಹಾಡುಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡೇ ಬರುತ್ತವೆ. ನಿಮ್ಮ ಆ್ಯಪ್ ನಡುವೆ ಗ್ಯಾಪ್ ಹಾಕುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆಯಿರಿ. ಚಿಕ್ಕ ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ, ಎಡ ಬಲ ಎರಡೂ ಕಲಸಿಹೋಗುತ್ತವೆ. ಸಾಧಾರಣ ವೈರ್ ಹೆಡ್‌ಫೋನ್ ಸಾಕು. ಒಟ್ಟು ಮುಕ್ಕಾಲು ಗಂಟೆಯೂ ಇಲ್ಲ. ಎಲ್‌ಪಿಯಲ್ಲಿ (ಆಗಿನ ಗ್ರಾಮಫೋನ್ ತಟ್ಟೆ) ಮೊದಲ ಮಗ್ಗುಲಿಗೆ 7 ಹಾಡು, ಎರಡನೆಯದಕ್ಕೆ 5. ಏಳನೇ ಹಾಡು ಮುಗಿದ ಮೇಲೆ ಪಾಜ್ ಒತ್ತಿ, ಎದ್ದು ಕಾಫಿ ಮಾಡಿಕೊಂಡು ಬನ್ನಿ. ಅದು ತಮಾಷೆಗೆ ಹೇಳಿದ ಮಾತಲ್ಲ. 1975ರ ನವೆಂಬರ್‌ನಲ್ಲಿ ಇದು ಬಂದಾಗ ಕೇಳುಗರು ಎದ್ದು ರೆಕಾರ್ಡು ಮಗುಚಿ ಹಾಕಲೇಬೇಕಿತ್ತು. ಆ ಇಂಟರ್ವಲ್‌ ಲೆಕ್ಕ ಹಾಕಿಯೇ ಹಾಡುಗಳನ್ನು ಜೋಡಿಸಿದಂತಿದೆ.

ಶುರುವಾಗುವುದೇ ಸಿಟ್ಟಿನಿಂದ. ಪಿಯಾನೋ ಏರುತ್ತಾ ಬರುತ್ತದೆ, ಹಿಂದೆ ಗಿಟಾರ್‌ಗಳು ಒಂದರ ಮೇಲೊಂದು ಸೇರಿಕೊಂಡು ಕಿರುಚುವ ಮಟ್ಟಕ್ಕೆ ಹೋಗುತ್ತವೆ, ಆಮೇಲೆ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಬಾಯಿಗೆ ಬಂದ ಹಾಗೆ ಒಬ್ಬನನ್ನು ಬೈಯುತ್ತಾನೆ. ‘ಡೆತ್ ಆನ್ ಟು ಲೆಗ್ಸ್’. ಬೈಗುಳ ಕ್ವೀನ್ ಬ್ಯಾಂಡಿನ ಹಳೆಯ ಮ್ಯಾನೇಜ್‌ಮೆಂಟಿಗೆ. ಅಷ್ಟು ಹೊತ್ತಿಗೆ ಅವರ ಮೂರು ಆಲ್ಬಂ ಬಂದಿದ್ದವು, ಹಾಡುಗಳು ಹಿಟ್ ಆಗಿದ್ದವು, ಆದರೆ ಕೈಯಲ್ಲಿ ಕಾಸಿರಲಿಲ್ಲ. ಆ ಕಡೆಯಿಂದ ಬಿಡಿಸಿಕೊಂಡು ಬಂದು, ಸಾಲದಲ್ಲೇ ಈ ನಾಲ್ಕನೇ ಆಲ್ಬಂಗೆ ಕೂತರು. ಇದೂ ಬಿದ್ದಿದ್ದರೆ ಬ್ಯಾಂಡ್ ಉಳಿಯುವುದೇ ಕಷ್ಟವಿತ್ತು.

ಬೈಗುಳ ಥಟ್ಟನೆ ನಿಲ್ಲುತ್ತದೆ. ಉಸಿರು ಬಿಡುವಷ್ಟರಲ್ಲಿ ಭಾನುವಾರ ಸುಮ್ನೆ ಅಡ್ಡಾಡುವ ಶೋಕಿಲಾಲನೊಬ್ಬನ ಹಾಡು. ಒಂದು ನಿಮಿಷ ಚಿಲ್ಲರೆ, ಅಷ್ಟೇ. ಧ್ವನಿ ಹಳೇ ಗ್ರಾಮಫೋನಿನಿಂದ ಬಂದಂತಿದೆ ಅಲ್ವಾ? ಹೇಗೆ ಮಾಡಿದರು ಅಂತ ತಿಳಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಫ್ರೆಡ್ಡಿ ಹಾಡಿದ್ದನ್ನು ಒಂದು ಹೆಡ್‌ಫೋನಿಗೆ ಕಳಿಸಿ, ಆ ಹೆಡ್‌ಫೋನನ್ನು ತಗಡಿನ ಡಬ್ಬದೊಳಗೆ ಇಟ್ಟು, ಡಬ್ಬಕ್ಕೆ ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದಾರೆ. ನಮ್ಮ ನಾಟಕಗಳಲ್ಲಿ ರೇಡಿಯೋ ಧ್ವನಿ ಬೇಕಾದಾಗ ನಾನು ಈಗ ಈ ಉಪಾಯವನ್ನೇ ಮಾಡುತ್ತೇನೆ. ಕಂಪ್ಯೂಟರಿನ ಎಫೆಕ್ಟ್‌ಗಿಂತ ಇದರಲ್ಲಿ ಜೀವ ಜಾಸ್ತಿ.

ನನಗೆ ಆಲ್ಬಂ ಮೊದಲು ಅರ್ಥವಾಗಿದ್ದು ಈ ಜಾಗದಲ್ಲೇ. ಕಂಪನಿ ನಾಟಕಗಳಲ್ಲಿ ಕಣ್ಣೀರಿನ ಸೀನು ಮುಗಿದ ತಕ್ಷಣ ಮುಂಪರದೆ ಬಿಟ್ಟು ಹಾಸ್ಯಗಾರರನ್ನು ಕಳಿಸುತ್ತಾರಲ್ಲ, ಹಿಂದೆ ಅರಮನೆ ಸೆಟ್ಟು ಸಿದ್ಧವಾಗುವವರೆಗೆ? ಇಲ್ಲಿ ನಡೆಯುತ್ತಿರುವುದೂ ಅದೇ. ಹಾಡುಗಳ ಶೈಲಿ ಒಂದಕ್ಕೊಂದು ಹೊಂದುವುದಿಲ್ಲ ಅಂತ ದೂರುವವರಿದ್ದಾರೆ. ಹೊಂದಬಾರದು ಅಂತಲೇ ಜೋಡಿಸಿದ್ದು. ಆಲ್ಬಂನ ಹೆಸರು ಕೂಡ ಗಂಭೀರ ಒಪೆರಾದಿಂದ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಬಂದದ್ದಲ್ಲ, ಮಾರ್ಕ್ಸ್ ಸಹೋದರರ 1935ರ ಹಾಸ್ಯ ಸಿನಿಮಾದಿಂದ ಎತ್ತಿದ್ದು.

ಮೂರನೆಯದು ಡ್ರಮ್ಮರ್ ರೋಜರ್ ಟೇಲರ್ ತನ್ನ ದೊರಗು ಗಂಟಲಲ್ಲಿ ಹಾಡಿದ ಕಾರಿನ ಪ್ರೇಮಗೀತೆ, ಕೊನೆಗೆ ಅವನದೇ ಕಾರಿನ ಇಂಜಿನ್ ಸದ್ದು. ನಾಲ್ಕನೆಯದು ಬಾಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಡೀಕನ್ ಹೆಂಡತಿಗಾಗಿ ಬರೆದ ಹಾಡು. ಅದರ ಎಲೆಕ್ಟ್ರಿಕ್ ಪಿಯಾನೋ ಫ್ರೆಡ್ಡಿಗೆ ಸೇರದೇ ಇದ್ದದ್ದರಿಂದ ಡೀಕನ್ನೇ ನುಡಿಸಿದ. ನಾಲ್ಕು ಜನರೂ ಬರೆಯುತ್ತಿದ್ದರು, ನಾಲ್ಕು ಜನರದ್ದೂ ಬೇರೆ ಬೇರೆ ಗುಣ. ಐದನೆಯ ‘’39’ ಸುಲಭಕ್ಕೆ ಕಿವಿಯಿಂದ ಜಾರಿಹೋಗುತ್ತದೆ. ಸರಳ ಜಾನಪದ ಧಾಟಿ, ಹಡಗು ಹತ್ತಿ ಹೋದವರ ಕತೆಯಂತಿದೆ. ಆದರೆ ಆ ಹಡಗು ಹೋಗುವುದು ಬಾಹ್ಯಾಕಾಶಕ್ಕೆ. ಹೋದವನಿಗೆ ವಯಸ್ಸಾಗುವುದು ಒಂದು ವರ್ಷ, ವಾಪಸ್ ಬಂದು ನೋಡಿದರೆ ಭೂಮಿಯಲ್ಲಿ ತಲೆಮಾರುಗಳೇ ಉರುಳಿವೆ. ಐನ್‌ಸ್ಟೈನ್ ಹೇಳಿದ ಕಾಲದ ಲೆಕ್ಕ ಅದು. ಬರೆದವನು ಗಿಟಾರಿಸ್ಟ್ ಬ್ರಯಾನ್ ಮೇ. ಬ್ಯಾಂಡಿಗಾಗಿ ಖಗೋಳ ವಿಜ್ಞಾನದ ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟು ಬಂದವನು, 2007ರಲ್ಲಿ ಮತ್ತೆ ಹೋಗಿ ಮುಗಿಸಿದ. ಅವನೇ ಬರೆದ ‘ಸ್ವೀಟ್ ಲೇಡಿ’ ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ.

ಮೊದಲ ಮಗ್ಗುಲಿನ ಕೊನೆಯ ‘ಸೀಸೈಡ್ ರಾಂಡೆವೂ’ ಬಗ್ಗೆ ಸ್ವಲ್ಪ ನಿಲ್ಲಬೇಕು. ಮಧ್ಯದಲ್ಲಿ ಒಂದು ಬ್ಯಾಂಡ್‌ಸೆಟ್ ನುಡಿಯುತ್ತದೆ, ಕ್ಲಾರಿನೆಟ್, ತುತ್ತೂರಿ, ದಪ್ಪ ಟ್ಯೂಬಾ. ಅದರಲ್ಲಿ ಒಂದೂ ವಾದ್ಯವಲ್ಲ. ಫ್ರೆಡ್ಡಿ, ರೋಜರ್ ಇಬ್ಬರೂ ಬಾಯಲ್ಲಿ ಮಾಡಿದ್ದು. ಹಿಂದೆಯೇ ಟ್ಯಾಪ್ ಡ್ಯಾನ್ಸ್ ಟಕಟಕ ಅನ್ನುತ್ತದೆ. ಅದೂ ಕಾಲಲ್ಲ, ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗಳನ್ನು ಹಾಕಿಕೊಂಡು ಮಿಕ್ಸರ್ ಟೇಬಲ್ ಮೇಲೆ ಬಡಿದಿದ್ದಾರೆ. ಆಲ್ಬಂನ ಕವರಿನಲ್ಲಿ ಇಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಇಲ್ಲ ಅಂತ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದು ಸುಮ್ನೆ ಅಲ್ಲ.

ಕಾಫಿ ಮುಗಿಯಿತೇ? ಎರಡನೇ ಮಗ್ಗುಲಿಗೆ ದೀಪ ಆರಿಸಿ ಕೂತರೆ ಒಳ್ಳೆಯದು. ‘ದಿ ಪ್ರಾಫೆಟ್ಸ್ ಸಾಂಗ್’ 8 ನಿಮಿಷಕ್ಕೂ ಜಾಸ್ತಿ. ಬ್ರಯಾನ್ ಮೇ ಕಾಯಿಲೆ ಬಿದ್ದಿದ್ದಾಗ ಕಂಡ ಪ್ರಳಯದ ಕನಸಿನಿಂದ ಹುಟ್ಟಿದ್ದು. ನಡುವೆ ವಾದ್ಯಗಳೆಲ್ಲ ನಿಂತು ಫ್ರೆಡ್ಡಿಯ ಧ್ವನಿ ಒಂದೇ ಉಳಿಯುತ್ತದೆ. ಅವನು ಒಂದು ಸಾಲು ಹಾಡುತ್ತಾನೆ, ಟೇಪಿನ ಎಕೋ ಅದನ್ನೇ ತಡವಾಗಿ ವಾಪಸ್ ತರುತ್ತದೆ, ಅದರ ಮೇಲೆ ಅವನು ಮುಂದಿನ ಸಾಲು ಹಾಡುತ್ತಾನೆ. ನೋಡುತ್ತಾ ನೋಡುತ್ತಾ ಒಬ್ಬನೇ ಮನುಷ್ಯ ಮೇಳವಾಗಿಬಿಡುತ್ತಾನೆ. ಇಲ್ಲಿ ಹೆಡ್‌ಫೋನಿನ ಒಂದು ಕಿವಿ ತೆಗೆದು ಕೇಳಿ, ಆಮೇಲೆ ಇನ್ನೊಂದು. ಒಂದು ಕಡೆ ಹಾಡಿದ್ದು ಇನ್ನೊಂದು ಕಡೆಗೆ ದಾಟುವುದು ಗೊತ್ತಾಗುತ್ತದೆ. ಎಕೋ ಅಂದರೆ ಧ್ವನಿಗೆ ಬಳಿಯುವ ಪೌಡರು ಅಂತ ತಿಳಿದ ನಮ್ಮಂಥ ಸೌಂಡಿನವರಿಗೆ ಇದೊಂದು ಪಾಠ. ಇಲ್ಲಿ ಎಕೋ ಕೂಡ ಒಂದು ಪಾತ್ರ.

ಆ ಗದ್ದಲ ಕರಗುತ್ತಿದ್ದ ಹಾಗೇ, ನಡುವೆ ನಿಲ್ಲದೆ, ‘ಲವ್ ಆಫ್ ಮೈ ಲೈಫ್’ ಪಿಯಾನೋ ಶುರು. ಪ್ರಳಯ ಮುಗಿದು ಒಂಟಿ ಮನುಷ್ಯ ನಿಂತಿದ್ದಾನೆ. ಇದನ್ನು ಬಿಡಿ ಹಾಡಾಗಿ ಕೇಳಿದವರಿಗೆ ಈ ತಿರುವು ಸಿಗುವುದೇ ಇಲ್ಲ. ಇದರಲ್ಲಿ ಹಾರ್ಪ್ ಎಂಬ ತಂತಿವಾದ್ಯ ನುಡಿಸಿದ್ದೂ ಬ್ರಯಾನ್ ಮೇ. ವಾದ್ಯ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ತುಣುಕು ತುಣುಕಾಗಿ ನುಡಿಸಿ ಜೋಡಿಸಿದ್ದು. ಮುಂದಿನ ‘ಗುಡ್ ಕಂಪನಿ’ಯಲ್ಲಿ ಹಳೇ ಕಾಲದ ಜಾಜ್ ಬ್ಯಾಂಡ್ ಇಡೀಯಾಗಿ ಕೇಳಿಸುತ್ತದೆ, ತುತ್ತೂರಿ, ಕ್ಲಾರಿನೆಟ್ ಎಲ್ಲಾ. ಅದು ಪೂರ್ತಿ ಗಿಟಾರ್. ಮೇ ಹುಡುಗನಾಗಿದ್ದಾಗ ಅಪ್ಪನ ಜೊತೆ ಸೇರಿ ಹಳೇ ಅಗ್ಗಿಷ್ಟಿಕೆಯ ಮರದಿಂದ ಮಾಡಿಕೊಂಡ ಗಿಟಾರ್ ಅದು. ಆಂಪ್ಲಿಫೈಯರ್ ಜಾನ್ ಡೀಕನ್ ಕಸದಲ್ಲಿ ಸಿಕ್ಕಿದ ಸರ್ಕ್ಯೂಟ್ ಬೋರ್ಡಿನಿಂದ ಮಾಡಿದ್ದು.

ಈಗ ಹನ್ನೊಂದನೆಯದು. ಇಷ್ಟು ಕೇಳಿ ಬಂದವರಿಗೆ ‘ಬೊಹೀಮಿಯನ್ ರಾಪ್ಸೊಡಿ’ ವಿಚಿತ್ರ ಅನ್ನಿಸುವುದಿಲ್ಲ. ಇದರ ಸಾಮಾನೆಲ್ಲ ಈಗಾಗಲೇ ರಂಗದ ಮೇಲೆ ಬಂದುಹೋಗಿದೆ. ಮೇಳದ ಧ್ವನಿ ಪ್ರವಾದಿಯ ಹಾಡಿನಲ್ಲಿ, ಪಿಯಾನೋದ ದುಃಖ ಪ್ರೇಮದ ಹಾಡಿನಲ್ಲಿ, ಸಿಟ್ಟು ಮೊದಲ ಹಾಡಿನಲ್ಲಿ, ಕೋಡಂಗಿತನ ಸಮುದ್ರ ತೀರದಲ್ಲಿ. 5 ನಿಮಿಷ 55 ಸೆಕೆಂಡಿನಲ್ಲಿ ಎಲ್ಲರೂ ಒಟ್ಟಿಗೆ ವಾಪಸ್ ಬರುತ್ತಾರೆ.

ಒಪೆರಾ ಭಾಗ ಶುರುವಾಗುವುದು ಮೂರು ನಿಮಿಷ ದಾಟಿದ ಮೇಲೆ. ಇರುವುದು ಒಂದು ನಿಮಿಷ ಮಾತ್ರ. ಆ ಒಂದು ನಿಮಿಷಕ್ಕೆ ಮೂರು ವಾರ ಹಿಡಿಯಿತು ಅನ್ನುತ್ತಾರೆ. ಹಾಡಿದ್ದು ಮೂರೇ ಜನ, ಫ್ರೆಡ್ಡಿ, ಬ್ರಯಾನ್, ರೋಜರ್. ಆಗಿನ ಟೇಪಿನಲ್ಲಿ 24 ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ಧ್ವನಿ ತುಂಬುವ 24 ಸಾಲು. ಅದು ತುಂಬಿದ ಮೇಲೆ ಎಲ್ಲವನ್ನೂ ಕೂಡಿಸಿ ಕಡಿಮೆ ಟ್ರ್ಯಾಕಿಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡುವುದು. ಹೀಗೆ ಸುಮಾರು 180 ಪದರ ಅಂತ ಲೆಕ್ಕ. ಟೇಪು ರೆಕಾರ್ಡರಿನ ಹೆಡ್ ಮೇಲೆ ಉಜ್ಜಿ ಉಜ್ಜಿ ಅದರ ಲೇಪ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಗಿತ್ತು ಅಂತ ಮೇ ಹೇಳಿದ್ದಾನೆ. ಈಗ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ತೆರೆದು, ತಪ್ಪಾದರೆ ಅಂಡೂ ಒತ್ತುವ ನನಗೆ ಇದನ್ನು ಯೋಚಿಸಿದರೆ ಕೈ ಬೆವರುತ್ತದೆ. ಕೂಡಿಸಿ ಇಳಿಸಿದ ಮೇಲೆ ಅದು ಮುಗಿಯಿತು, ಒಬ್ಬನ ಧ್ವನಿ ಜಾಸ್ತಿಯಾಗಿದ್ದರೂ ತಗ್ಗಿಸುವ ಹಾಗಿಲ್ಲ. ನಿರ್ಮಾಪಕ ರಾಯ್ ಥಾಮಸ್ ಬೇಕರ್‌ಗೆ ಒಪೆರಾ ಕಂಪನಿಯ ರೆಕಾರ್ಡಿಂಗ್‌ಗಳಲ್ಲಿ ಕೆಲಸ ಮಾಡಿ ಅಭ್ಯಾಸವಿತ್ತು. ಆ ಕೈ ಇಲ್ಲಿ ಕಾಣುತ್ತದೆ.

ನಾನು ಈ ಭಾಗವನ್ನು ಕೇಳುವುದು ಒಂದು ಸಲಕ್ಕೆ ಒಂದೇ ಧ್ವನಿಯ ಬೆನ್ನು ಹತ್ತಿ. ಮೊದಲು ರೋಜರ್. ಗೆಲಿಲಿಯೋನ ಹೆಸರು ಕೂಗುವಾಗ ಮೇಲಿನ ಸ್ಥಾಯಿಯಲ್ಲಿ ಬರುವುದು ಅವನೇ. ಭಾಗ ಮುಗಿಯುವಾಗ ಛಾವಣಿ ಮುಟ್ಟುವ ಸ್ವರವೂ ಅವನದೇ. ಡ್ರಮ್ಮಿನ ಹಿಂದೆ ಕೂತವನ ಗಂಟಲು ಅದು, ಹೆಂಗಸಿನದಲ್ಲ. ಇನ್ನೊಂದು ಸಲ ಹಿಡಿಯಬೇಕಾದ್ದು ಜಗಳವನ್ನು. ಬಿಡಿ ಅನ್ನುವ ಗುಂಪು, ಬಿಡಲ್ಲ ಅನ್ನುವ ಗುಂಪು. ಮಾತಿನ ಅರ್ಥ ಹುಡುಕುತ್ತಾ ಕೂರಬೇಡಿ. ಸ್ಕಾರಮೂಷ್ ಇಟಲಿಯ ಬಯಲು ಹಾಸ್ಯನಾಟಕದ ಜಂಬದ ಕೋಡಂಗಿ, ಫಿಗರೋ ಒಪೆರಾದ ಕ್ಷೌರಿಕ, ನಡುವೆ ಬಿಸ್ಮಿಲ್ಲಾ. ಏನಿದರ ಅರ್ಥ ಅಂದರೆ ಫ್ರೆಡ್ಡಿ ಸಾಯುವವರೆಗೂ ಬಾಯಿ ಬಿಡಲಿಲ್ಲ. ನನಗೆ ಕೇಳಿಸುವುದು ಒಬ್ಬ ಹುಡುಗನ ಸುತ್ತ ನಿಂತು ಪಂಚಾಯ್ತಿ ಮಾಡುವ ಜನ.

ಈ ಫ್ರೆಡ್ಡಿ ಹುಟ್ಟಿದ್ದು ಜಾಂಜಿಬಾರ್‌ನ ಪಾರ್ಸಿ ಮನೆಯಲ್ಲಿ, ಫರೋಖ್ ಬಲ್ಸಾರ ಅಂತ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲಿನಲ್ಲಿ. ಪಿಯಾನೋ, ಶಾಲೆಯ ಕಾಯರ್, ನಾಟಕ ಎಲ್ಲಾ ಅಲ್ಲೇ. ನಮ್ಮ ಬೆಳಗಾವಿ ಕಡೆಯವರಿಗೆ ಪಂಚಗಣಿ ಅಂದರೆ ರಜೆಯಲ್ಲಿ ಹೋಗಿ ಸ್ಟ್ರಾಬೆರಿ ತಿಂದು ಬರುವ ಊರು.

ಕೊನೆಯ ಹನ್ನೆರಡನೆಯದು ಒಂದು ನಿಮಿಷ ಚಿಲ್ಲರೆಯ ಬ್ರಿಟಿಷ್ ರಾಷ್ಟ್ರಗೀತೆ, ಪದಗಳಿಲ್ಲದೆ, ಗಿಟಾರಿನಲ್ಲಿ. ಎಷ್ಟೋ ಜನ ಇದನ್ನು ಹಾಡೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಬ್ರಿಟನ್ನಿನ ಥಿಯೇಟರುಗಳಲ್ಲಿ ಆಟ ಮುಗಿದ ಮೇಲೆ ರಾಷ್ಟ್ರಗೀತೆ ನುಡಿಸುವ ಪದ್ಧತಿಯಿತ್ತು. ಪ್ರೇಕ್ಷಕರನ್ನು ಎಬ್ಬಿಸಿ ಮನೆಗೆ ಕಳಿಸುವ ಕೆಲಸ ಅದರದ್ದು. ಮಂಗಳ ಹಾಡದೆ ನಾಟಕ ಮುಗಿಸುವುದುಂಟೇ?

ಆಲ್ಬಂ ಒಮ್ಮೆ ಹೀಗೆ ಕೇಳಿಸಿಕೊಂಡ ಮೇಲೆ, 1975ರ ಡಿಸೆಂಬರ್ 24ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಅವರು ಕೊಟ್ಟ ಕಚೇರಿಯ ವಿಡಿಯೋ ನೋಡಿ. ಬಿಬಿಸಿ ಚಿತ್ರೀಕರಿಸಿದ್ದು ಸಿಗುತ್ತದೆ. ನನಗೆ ಕುತೂಹಲವಿದ್ದದ್ದು ಒಂದೇ, ಮೂರು ವಾರ ಟೇಪಿನ ಮೇಲೆ ಕಟ್ಟಿದ್ದನ್ನು ರಂಗದ ಮೇಲೆ ನಾಲ್ಕು ಜನ ಹೇಗೆ ಮಾಡುತ್ತಾರೆ ಅಂತ. ಮಾಡುವುದಿಲ್ಲ. ಆವತ್ತು ಒಪೆರಾ ಭಾಗವನ್ನೇ ಬಿಟ್ಟರು. ಆಮೇಲಿನ ವರ್ಷಗಳಲ್ಲಿ ಆ ಭಾಗ ಬಂದಾಗ ನಾಲ್ವರೂ ಒಳಗೆ ಹೋಗಿಬಿಡುತ್ತಿದ್ದರು. ಖಾಲಿ ರಂಗದ ಮೇಲೆ ಬೆಳಕಿನಾಟ, ಸ್ಪೀಕರಿನಲ್ಲಿ ಟೇಪು. ಗಿಟಾರ್ ಅಬ್ಬರಿಸುವ ಜಾಗ ಬರುತ್ತಿದ್ದ ಹಾಗೆ ಮತ್ತೆ ಎಂಟ್ರಿ. ಆ ಕ್ಯೂ ಒಂದು ಸೆಕೆಂಡ್ ಆಚೀಚೆ ಆಗುವ ಹಾಗಿಲ್ಲ. ನಾನಂತೂ ಆ ವಿಡಿಯೋಗಳಲ್ಲಿ ಫ್ರೆಡ್ಡಿಗಿಂತ ಜಾಸ್ತಿ ಯೋಚಿಸುವುದು, ಎಲ್ಲೋ ಕತ್ತಲಲ್ಲಿ ಟೇಪಿನ ಬಟನ್ ಮೇಲೆ ಬೆರಳಿಟ್ಟು ನಿಂತಿದ್ದವನ ಬಗ್ಗೆ.