ಮೊದಲು ನದಿ, ಆಮೇಲೆ ಬೆಟ್ಟ, ಕೊನೆಗೆ ಕಡಲು

ಸೈಕಲ್‌ನಲ್ಲಿ ಒಟ್ಟು 92 ಕಿಲೋಮೀಟರ್ ಸುತ್ತು. ಊರೊಳಗಿನ ನದಿ ದಂಡೆ 18, ಬೆಟ್ಟದ ದಾರಿ 30, ಉಳಿದದ್ದು ಕಡಲ ಪಕ್ಕದ ರಸ್ತೆ. ಹೊರಟ ಜಾಗಕ್ಕೇ ವಾಪಸ್. ಮೊದಲ ಸಲ ನಾನು ಇದನ್ನು ಉಲ್ಟಾ ಸುತ್ತಿದೆ.

ಕಡಲ ರಸ್ತೆ ಹೆಚ್ಚುಕಮ್ಮಿ ಸಮತಟ್ಟು, ಅಲ್ಲಿ ಕಾಲು ಪಳಗಿಸಿಕೊಂಡು ಆಮೇಲೆ ಬೆಟ್ಟ ಹತ್ತೋಣ ಅಂತ ಲೆಕ್ಕ ಹಾಕಿದ್ದೆ. ಬೆಟ್ಟದ ಬುಡಕ್ಕೆ ಬಂದಾಗ ಗಂಟೆ ಹನ್ನೊಂದು. ಆ ಬದಿಯಲ್ಲಿ ಹೆಸರಿಗೆ ಒಂದು ಮರ ಇಲ್ಲ. ಏರು ಮುಗಿಯುವಷ್ಟರಲ್ಲಿ ಎರಡೂ ಬಾಟಲಿ ಖಾಲಿ. ತುದಿಯಲ್ಲಿ ನೆರಳು ಹುಡುಕಿಕೊಂಡು ಮೂರು ಗಂಟೆವರೆಗೆ ಬಿದ್ದುಕೊಂಡಿದ್ದೆ. ಇಳಿದು ನದಿ ದಂಡೆಗೆ ಬಂದರೆ ಊರಿಗೆ ಊರೇ ವಾಕಿಂಗ್‌ಗೆ ಬಂದಿದೆ. ಮಕ್ಕಳು, ನಾಯಿಗಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು. ಬೆಲ್ ಹೊಡೆದರೆ ಯಾರಿಗೆ ಕೇಳಬೇಕು? ಆ 18 ಕಿಲೋಮೀಟರ್‌ಗೆ ಒಂದೂವರೆ ಗಂಟೆ ಹಿಡಿಯಿತು.

ಹಾಗಾಗಿ ಮುಂದಿನ ಸಲ ದಿಕ್ಕು ತಿರುಗಿಸಿದೆ. ದಂಡೆಯನ್ನು ಜನ ಏಳುವ ಮೊದಲು ದಾಟಬೇಕು, ಬೆಟ್ಟವನ್ನು ಬಿಸಿಲು ಏರುವ ಮೊದಲು ಹತ್ತಬೇಕು, ಕಡಲು ಕೊನೆಗೆ ಸಿಗಬೇಕು. ಇದರಲ್ಲಿ ಒಂದು ತೊಡಕಿತ್ತು. ಕಡಲ ಕಡೆಯಿಂದ ಆ ಬೆಟ್ಟ 9 ಕಿಲೋಮೀಟರ್, ಸರಾಸರಿ ಶೇ. 5 ಏರು. ಊರ ಕಡೆಯಿಂದ ಅದೇ 450 ಮೀಟರ್ ಎತ್ತರ ಐದೂವರೆ ಕಿಲೋಮೀಟರ್‌ನಲ್ಲೇ ಮುಗಿಯುತ್ತದೆ. ಅಂದರೆ ಸರಾಸರಿ ಶೇ. 8ಕ್ಕಿಂತ ಜಾಸ್ತಿ. ಸರಾಸರಿ ಅನ್ನುವುದೂ ಮೋಸವೇ. ನಡುವೆ ಒಂದು ಕಿಲೋಮೀಟರ್ ಸಪಾಟು ಇದ್ದರೆ ಉಳಿದ ಕಡೆ ಅಷ್ಟೂ ಕಡಿದಾಗಿರುತ್ತದೆ ಅಲ್ವಾ.

ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರ 34 ಹಲ್ಲಿನದು, ಹಿಂದಿನ ದೊಡ್ಡದು 28. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ 9 ಕಿಲೋಮೀಟರ್‌ಗಿಂತ ಮೇಲೇ ಹೋಗಬೇಕು. ಕಡಿದಾದ ಏರಿನಲ್ಲಿ ನನಗೆ ಅಷ್ಟು ತಾಕತ್ತಿಲ್ಲ. ನಿಧಾನವಾಗಿ ತುಳಿದರೆ ಮಂಡಿ ನೋವು. ಹಿಂದೆ ದೊಡ್ಡ ಚಕ್ರ 34 ಹಲ್ಲಿನದಾಗಿರುವ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿಸಿದರೆ ಲೆಕ್ಕ ಒಂದಕ್ಕೊಂದು. ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು, ಏಳೂವರೆ ಕಿಲೋಮೀಟರ್ ವೇಗದಲ್ಲೂ ಕಾಲು ಸಲೀಸಾಗಿ ತಿರುಗುತ್ತದೆ. ಅದನ್ನೇ ಹಾಕಿಸಿದೆ. ಗೇರ್ ಬದಲಿಸುವಾಗ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವೇ ಡಿರೈಲರ್; ಹಳೇ ಗಿಡ್ಡ ಡಿರೈಲರ್‌ಗೆ ಇದು ಹೊಂದುವುದಿಲ್ಲ, ಉದ್ದ ತೋಳಿನದು ಬೇಕು, ಚೈನ್ ಕೂಡ ಉದ್ದದ್ದು. ಟೈರ್‌ಗಳನ್ನೂ 25 ಮಿಲಿಮೀಟರ್‌ನಿಂದ 28ಕ್ಕೆ ಬದಲಿಸಿ, 100 ಪಿಎಸ್‌ಐ ತುಂಬುತ್ತಿದ್ದ ಗಾಳಿಯನ್ನು 75ಕ್ಕೆ ಇಳಿಸಿದೆ. ಒರಟು ರಸ್ತೆಯಲ್ಲಿ ಸೊಂಟ ಉಳಿಯಿತು.

ದಾರಿ ಗುರುತು ಹಾಕುವಾಗ ಆ್ಯಪ್ ಒಟ್ಟು ಏರು 1,400 ಮೀಟರ್ ಎಂದು ತೋರಿಸಿ ನನ್ನನ್ನು ಹೆದರಿಸಿತ್ತು. ಗಾಳಿಯ ಒತ್ತಡ ನೋಡಿ ಎತ್ತರ ಅಳೆಯುವ ಮೀಟರ್ ಸೈಕಲ್ ಮೇಲಿತ್ತು, ಅದರ ಪ್ರಕಾರ 780. ಇಷ್ಟು ವ್ಯತ್ಯಾಸ ಯಾಕೆ ಅಂತ ತಲೆ ಕೆಡಿಸಿಕೊಂಡು ಓದಿದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಡಾರ್‌ನಿಂದ ಭೂಮಿಯ ಎತ್ತರ ಅಳೆದಿತ್ತು. ಹಲವು ನಕ್ಷೆಗಳಿಗೆ ಇವತ್ತಿಗೂ ಅದೇ ಆಧಾರ. ಅದರಲ್ಲಿ ನೆಲವನ್ನು ಸುಮಾರು 30 ಮೀಟರ್ ಅಗಲದ ಚೌಕಗಳಾಗಿ ನೋಡುತ್ತಾರೆ. ಕಡಲ ಬಂಡೆಯ ಅಂಚಿನಲ್ಲಿ ರಸ್ತೆ ಹೋಗುತ್ತಿದ್ದರೆ ಒಂದು ಚೌಕ ಬಂಡೆಯ ತಲೆ, ಪಕ್ಕದ ಚೌಕ ಸಮುದ್ರ. ದಾರಿಯ ಗೆರೆ ಸ್ವಲ್ಪ ಅತ್ತಿತ್ತ ಆದರೂ ಸಾಕು, ಆ್ಯಪ್ ಲೆಕ್ಕದಲ್ಲಿ ನಾವು ಸಮುದ್ರಕ್ಕೆ ಬಿದ್ದು ಮತ್ತೆ ಹತ್ತಿ ಬರುತ್ತಲೇ ಇರುತ್ತೇವೆ! ಸುರಂಗ ಬಂದರೆ ಮೇಲಿನ ಗುಡ್ಡವನ್ನು ಹತ್ತಿಸುತ್ತದೆ, ಸೇತುವೆ ಬಂದರೆ ಕೆಳಗಿನ ಹೊಳೆಗೆ ಇಳಿಸುತ್ತದೆ. ಈಗ ನಾನು ಒಟ್ಟು ಏರಿನ ಅಂಕಿಯನ್ನು ನೋಡುವುದೇ ಇಲ್ಲ. ದೊಡ್ಡ ಏರುಗಳ ಬುಡ ಮತ್ತು ತುದಿಯ ಎತ್ತರ ಬರೆದುಕೊಂಡು ಕಳೆಯುತ್ತೇನೆ, ಅಷ್ಟೇ.

ಎರಡನೇ ಸಲ ಬೆಳಗ್ಗೆ ಐದೂವರೆಗೆ ಹೊರಟೆ. ದಂಡೆ ಖಾಲಿ. ಮರದ ಹಲಗೆ ಹಾಸಿದ ಭಾಗದಲ್ಲಿ ಇಬ್ಬನಿ ಬಿದ್ದು ಸೋಪು ಸವರಿದ ಹಾಗಿತ್ತು. ಅಲ್ಲಿ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೆಟ್ಟಗೆ ಹೋದೆ. ಅದನ್ನು ದಾಟಿದ ಖುಷಿಯಲ್ಲೇ ಎಡವಟ್ಟಾಯಿತು. ಬಂದರಿನ ಹತ್ತಿರ ಹಳೇ ಗೂಡ್ಸ್ ಹಳಿ ರಸ್ತೆಯನ್ನು ಓರೆಯಾಗಿ ದಾಟುತ್ತದೆ. ಹಳಿ ಪಕ್ಕದ ಸಂದು ಟೈರಿಗಿಂತ ಅಗಲ. ಮುಂದಿನ ಚಕ್ರ ಅದರೊಳಗೆ ಇಳಿದ ಕ್ಷಣವೇ ಹ್ಯಾಂಡಲ್ ನನ್ನ ಮಾತು ಕೇಳುವುದು ನಿಲ್ಲಿಸಿತು. ವೇಗ 12 ಇತ್ತೇನೋ. ಬಲಕ್ಕೆ ಧೊಪ್ಪನೆ ಬಿದ್ದೆ. ಮೊಣಕೈ ತರಚಿತು, ಬಿಡಿ. ಹಳಿಯನ್ನು ಯಾವಾಗಲೂ ಅಡ್ಡಕ್ಕೆ, ಲಂಬವಾಗಿ ದಾಟಬೇಕು. ಹಿಂದೆ ವಾಹನ ಇಲ್ಲ ಅಂತ ನೋಡಿಕೊಂಡು, ಸ್ವಲ್ಪ ದೂರದಿಂದಲೇ ಅಗಲಕ್ಕೆ ತೆಗೆದುಕೊಂಡು ತಿರುಗಿಸಬೇಕು. ಗೊತ್ತಿದ್ದ ವಿಷಯವೇ.

ಬಲಕ್ಕೆ ಬಿದ್ದರೆ ಇನ್ನೊಂದು ತೊಂದರೆ. ಡಿರೈಲರ್ ನೇತುಹಾಕಿರುವ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ಅದನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ, ಫ್ರೇಮ್ ಮುರಿಯುವ ಬದಲು ಅದು ಬಾಗಲಿ ಅಂತ. ನಾನು ನೋಡಲಿಲ್ಲ. ಸಪಾಟು ರಸ್ತೆಯಲ್ಲಿ ಎಲ್ಲ ಸರಿಯಾಗೇ ಇತ್ತು. ಏರು ಶುರುವಾಗಿ ಕೊನೇ ಗೇರ್ ಹಾಕಿದಾಗ ಹಿಂದಿನಿಂದ ಟಿಕ್ ಟಿಕ್ ಟಿಕ್. ಡಿರೈಲರ್ ಚಕ್ರದ ಕಡ್ಡಿಗಳಿಗೆ ತಾಗುತ್ತಿದೆ! ಇನ್ನೊಂಚೂರು ಒಳಗೆ ಹೋಗಿದ್ದರೆ ಚಕ್ರದೊಳಗೆ ಸಿಕ್ಕಿಕೊಂಡು ಡಿರೈಲರ್, ಕಡ್ಡಿ ಎರಡೂ ಹೋಗುತ್ತಿದ್ದವು. ಯಾವ ಏರಿಗೆ ಅಂತ 34 ಹಲ್ಲಿನ ಚಕ್ರ ಹಾಕಿಸಿದ್ದೆನೋ ಅದೇ ಏರಿನಲ್ಲಿ ಅದನ್ನು ಮುಟ್ಟದೆ, ಅದರ ಪಕ್ಕದ 30ರಲ್ಲೇ ಹತ್ತಬೇಕಾಯಿತು. ಕಿರುತಿರುವುಗಳಲ್ಲಿ ಒಳಬದಿ ಬಿಟ್ಟು ಹೊರಬದಿ ಹಿಡಿದೆ. ತಿರುವಿನ ಒಳಗೂ ಹೊರಗೂ ಏರುವ ಎತ್ತರ ಒಂದೇ, ಆದರೆ ಒಳಗೆ ದೂರ ಕಡಿಮೆ, ಹಾಗಾಗಿ ಅಲ್ಲಿ ಕಡಿದು ಜಾಸ್ತಿ. ಎದುರಿನಿಂದ ಗಾಡಿ ಬರುವುದು ಕಾಣಿಸಿದಲ್ಲಿ ಮಾತ್ರ ಈ ಆಟ. ಐದೂವರೆ ಕಿಲೋಮೀಟರ್‌ಗೆ 44 ನಿಮಿಷ. ಎರಡು ಸಲ ನಿಂತೆ. ಆದರೂ ತುದಿ ಮುಟ್ಟಿದಾಗ ಗಂಟೆ ಎಂಟೂ ಆಗಿರಲಿಲ್ಲ, ಬಾಟಲಿಯಲ್ಲಿ ನೀರಿತ್ತು.

ಇಳಿಜಾರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಹೊರಗಿನ ಕಾಲು ಕೆಳಗೆ, ಕಣ್ಣು ತಿರುವಿನ ಆಚೆ ತುದಿಗೆ.

ಕಡಲಿಗೆ ಬಂದಾಗ ಒಂಬತ್ತೂವರೆ. ಹೊತ್ತು ಏರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನಕ್ಕೆ ಇದರ ಜೋರು ಜಾಸ್ತಿ. ನಮ್ಮ ವೇಗ 25, ಎದುರುಗಾಳಿ 15 ಇದ್ದರೆ ಎದೆಗೆ ಬಡಿಯುವ ಗಾಳಿ 40. ಅದರ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ ಗಾಳಿಯಿಲ್ಲದ ದಿನಕ್ಕಿಂತ ಎರಡೂವರೆ ಪಟ್ಟು. ಉಲ್ಟಾ ಸುತ್ತಿದಾಗ ಬೆಳಗಿನ ಜಾವದಲ್ಲಿ ಇದರ ಸುಳಿವೇ ಇರಲಿಲ್ಲ. ಈ ಸಲ ಗಾಳಿ ಎದ್ದಿತ್ತು, ಆದರೆ ಪುಣ್ಯಕ್ಕೆ ಓರೆಯಾಗಿ ಹಿಂದಿನಿಂದ. ಕಷ್ಟ ಇದ್ದದ್ದು ಗುಡ್ಡದ ಮೂಗುಗಳು ಕಡಲಿಗೆ ಚಾಚಿರುವ ಕಡೆ. ಮೂಗಿನ ಮರೆಯಲ್ಲಿ ಎಲೆ ಅಲುಗುವುದಿಲ್ಲ, ತಿರುಗಿದ ಕೂಡಲೇ ಅಡ್ಡಗಾಳಿ ಸೈಕಲ್ಲನ್ನು ಅರ್ಧ ಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಅಲ್ಲೇ ಒಳತಿರುವಿನಲ್ಲಿ ಮರಳೂ ಗುಡ್ಡೆ ಬಿದ್ದಿರುತ್ತದೆ. ಹ್ಯಾಂಡಲ್‌ನ ಕೆಳಗಿನ ಭಾಗ ಹಿಡಿದು ತಗ್ಗಿ, ಮೊಣಕೈ ಸಡಿಲ ಬಿಟ್ಟು ಹೋದೆ. ಬಿಗಿ ಹಿಡಿದಷ್ಟೂ ಸೈಕಲ್ ಜಾಸ್ತಿ ಒದ್ದಾಡುತ್ತದೆ.

ಮನೆ ಸೇರಿದ ಮೇಲೆ ಸುಸ್ತಾಗಿ ಸೈಕಲ್ಲನ್ನು ಹಾಗೇ ಗೋಡೆಗೆ ಒರಗಿಸಿಟ್ಟೆ. ನಾಲ್ಕು ದಿನ ಬಿಟ್ಟು ಹ್ಯಾಂಗರ್ ಬದಲಿಸೋಣ ಅಂತ ತೆಗೆದರೆ ಚೈನ್ ಮೇಲೆ ಕಂದು ಪುಡಿ, ಬಾಟಲಿ ಹಿಡಿಕೆಯ ಸ್ಕ್ರೂಗಳ ಸುತ್ತ ಬಿಳಿ ಉಪ್ಪು. ಉಕ್ಕಿನ ಸ್ಕ್ರೂ, ಅಲ್ಯುಮಿನಿಯಂ ಫ್ರೇಮ್, ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಸವೆದು ಸ್ಕ್ರೂ ಕಚ್ಚಿಕೊಳ್ಳುತ್ತದೆ. ಒಂದು ಸ್ಕ್ರೂ ಹೊರಬರಲೇ ಇಲ್ಲ, ತಲೆ ಸವೆದು ಗುಂಡಾಯಿತು. ಈಗ ಕಡಲ ರಸ್ತೆಯಿಂದ ಬಂದ ದಿನವೇ ಒಂದು ಬಕೆಟ್ ಸಿಹಿನೀರು ನಿಧಾನವಾಗಿ ಸುರಿದು, ಬಟ್ಟೆಯಲ್ಲಿ ಒರೆಸಿ, ಚೈನ್‌ಗೆ ಎಣ್ಣೆ ಬಿಡುತ್ತೇನೆ. ಪೈಪ್‌ನಲ್ಲಿ ಜೋರಾಗಿ ನೀರು ಹೊಡೆಯುವುದಿಲ್ಲ, ಬೇರಿಂಗ್ ಒಳಗೆ ಹೋಗುತ್ತದೆ. ಆ ಸ್ಕ್ರೂ ಮಾತ್ರ ಇನ್ನೂ ಅಲ್ಲೇ ಇದೆ.