ಹಳೇ ಯೆಜ್ಡಿಯ ಮಸಿ ತೆಗೆದದ್ದು

ಮೈಸೂರಿನ ಯಾದವಗಿರಿ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ನಮ್ಮ ಯೆಜ್ಡಿ ಬೈಕ್ ಇನ್ನೂ ಓಡುತ್ತಿದೆ. ಆದರೆ ಈಚೆಗೆ ದಿಬ್ಬ ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಡುತ್ತಿತ್ತು. ಪ್ಲಗ್ ಹೊಸದು, ಕಾರ್ಬ್ಯುರೇಟರ್ ಸ್ವಚ್ಛ. ಹಾಗಾದರೆ ಹೊಗೆ ಹೋಗುವ ದಾರಿಯೇ ಕಟ್ಟಿರಬೇಕು ಅಲ್ವಾ? ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತದೆ, ಅದರ ಮಸಿ ಅಲ್ಲೇ ಕೂರುತ್ತದೆ.

ಸೈಲೆನ್ಸರ್ ಬಿಚ್ಚಿ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತೂತಿನ ಕೊಳವೆ) ಎಳೆದೆ. ತೂತುಗಳೇ ಕಾಣುತ್ತಿರಲಿಲ್ಲ. ಪ್ಲಾಸ್ಟಿಕ್ ಬಕೆಟ್‌ನ ನೀರಿಗೆ ಕಾಸ್ಟಿಕ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ಬ್ಯಾಫಲ್ ರಾತ್ರಿಯಿಡೀ ನೆನೆಸಿದೆ. ಸೋಡಾದ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಗ್ಲೌಸ್, ಕನ್ನಡಕ ಬೇಕೇ ಬೇಕು. ಬೆಳಿಗ್ಗೆ ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಮಸಿ ಹಲ್ವಾದಂತೆ ಎದ್ದು ಬಂತು. ತೊಳೆದು ಒಣಗಿಸಿ ಎಣ್ಣೆ ಸವರಿದೆ, ಇಲ್ಲದಿದ್ದರೆ ತುಕ್ಕು.

ಮಸಿ ಕೂರುವ ಇನ್ನೆರಡು ಜಾಗ, ಹೆಡ್ (ಎಂಜಿನ್ ಮೇಲಿನ ಮುಚ್ಚಳ) ಮತ್ತು ಪಿಸ್ಟನ್, ಅಲ್ಯೂಮಿನಿಯಂ. ಅವನ್ನು ಸೋಡಾ ಹತ್ತಿರ ತರಲೇಬೇಡಿ, ಲೋಹವನ್ನೇ ತಿಂದುಬಿಡುತ್ತದೆ. ಹೆಡ್ ಬಿಚ್ಚಿ ಪಿಸ್ಟನ್ ಪೂರ್ತಿ ಮೇಲೆ ತಂದೆ. ಆಗ ಪಿಸ್ಟನ್ನೇ ಎಕ್ಸಾಸ್ಟ್ ಪೋರ್ಟ್ ಅನ್ನು (ಹೊಗೆ ಹೊರಹೋಗುವ ಕಿಂಡಿ) ಮುಚ್ಚುತ್ತದೆ, ಚೂರು ಒಳಗೆ ಬೀಳುವುದಿಲ್ಲ. ಪಿಸ್ಟನ್ ಅಂಚಿಗೆ ಗ್ರೀಸ್ ಹಚ್ಚಿ, ಚಪ್ಪಟೆ ಬಿದಿರು ಕಡ್ಡಿಯಿಂದ ಕೆರೆದೆ. ಸ್ಕ್ರೂಡ್ರೈವರ್ ಬೇಡ, ಗೀರು ಬಿದ್ದರೆ ಹೋಗದು. ಕನ್ನಡಿ ಥರ ಹೊಳೆಯಬೇಕು ಅಂತ ಸುಮ್ನೆ ಹಠ ಹಿಡಿಯುವುದೂ ನನ್ನ ಪ್ರಕಾರ ದಂಡ.

ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ ನಟ್ಟುಗಳನ್ನು ಎದುರುಬದುರಾಗಿ ಸಮವಾಗಿ ಬಿಗಿದೆ. ಈಗ ಅದೇ ದಿಬ್ಬವನ್ನು ಗೇರ್ ಇಳಿಸದೆ ಹತ್ತುತ್ತದೆ. ಸದ್ದು ಮಾತ್ರ ಸ್ವಲ್ಪ ಜಾಸ್ತಿ.