ಆ ಚೂಪು ಗೆರೆ ಯಾರದ್ದು ಅಂತ ನೋಡೋಕೆ ಹೋಗಿ…

ಸೂಪರ್‌ನೋವಾದ (ಸಿಡಿದು ಸಾಯೋ ನಕ್ಷತ್ರ) ಸ್ಪೆಕ್ಟ್ರಮ್, ಅಂದ್ರೆ ಬಣ್ಣಬಣ್ಣವಾಗಿ ಬಿಡಿಸಿಟ್ಟ ಬೆಳಕನ್ನ, ಮೊದಲ ಸಲ ನಾನೇ ರಿಡಕ್ಷನ್ ಮಾಡಿದಾಗ (ಕಚ್ಚಾ ಚಿತ್ರ ಸೋಸಿ ಗ್ರಾಫ್ ಮಾಡೋದು) 6563 ಆಂಗ್‌ಸ್ಟ್ರಾಮ್ ತರಂಗಾಂತರದ ಹತ್ರ ಹೈಡ್ರೋಜನ್ ಗೆರೆ ಸೂಜಿ ಥರ ನೆಟ್ಟಗೆ ನಿಂತಿತ್ತು, ನೋಡಿ ಕುಣಿದಾಡೋದೊಂದು ಬಾಕಿ. ಯಾಕಂದ್ರೆ ಸುತ್ತ ತಾನೇ ಉಗುಳಿದ ದಟ್ಟ ಅನಿಲ ಇರೋ ಸೂಪರ್‌ನೋವಾಗೆ ಟೈಪ್ ಟೂ-ಎನ್ ಅಂತಾರಲ್ಲ, ಅದರ ಗುರುತೇ ಇದು. ಸಿಡಿದ ಚೂರು ಸೆಕೆಂಡಿಗೆ ಹತ್ತತ್ರ 10,000 ಕಿ.ಮೀ. ಓಡ್ತಿರುತ್ತೆ, ಅದರ ಗೆರೆ ಅಗಲವಾಗಿ ಗುಡ್ಡದ ಥರ ಹರಡ್ಕೊಂಡಿರುತ್ತೆ. ನಕ್ಷತ್ರ ಸಾಯೋಕೆ ಮುಂಚೆನೇ ಉಗುಳಿಟ್ಟ ಅನಿಲ ನೂರೋ ಕೆಲವು ನೂರೋ ಕಿ.ಮೀ. ವೇಗದಲ್ಲಿ ನಿಧಾನಕ್ಕೆ ಹೋಗ್ತಿರುತ್ತೆ, ಅದಕ್ಕೇ ಅದರದ್ದು ಚೂಪು.

ಗೈಡ್ ಮೇಡಂಗೆ ತೋರಿಸಿದೆ. ಅವರು ಗ್ರಾಫ್ ಕಡೆ ಕಣ್ಣೂ ಹಾಯಿಸ್ಲಿಲ್ಲ, "ಮೊದ್ಲು 2ಡಿ ಇಮೇಜ್ ತೆಗಿಯಪ್ಪ" ಅಂದ್ರು.

ತೆಗೆದೆ, ಗ್ರಾಫ್ ಮಾಡೋಕೆ ಮುಂಚಿನ ಕಚ್ಚಾ ಚಿತ್ರ ಅದು. ಸೂಪರ್‌ನೋವಾ ಅಡ್ಡಕ್ಕೆ ತೆಳ್ಳಗಿನ ದಾರದ ಥರ ಇದೆ, ಸರಿ, ಆದ್ರೆ ಆ ಹೈಡ್ರೋಜನ್ ಗೆರೆ ದಾರದ ಮೇಲಷ್ಟೇ ಇಲ್ಲ, ಸ್ಲಿಟ್ (ಬೆಳಕು ಒಳಗೆ ಬರೋ ಸಣ್ಣ ಸೀಳು) ಉದ್ದಕ್ಕೂ ಮೇಲೆ ಕೆಳಗೆ ಎಳ್ಕೊಂಡು ಹೋಗಿದೆ! ಸೂಪರ್‌ನೋವಾ ಇಲ್ಲದ ಜಾಗದಲ್ಲೂ ಇದೆ ಅಂದ್ಮೇಲೆ ಅದರದ್ದು ಹೇಗಾಗುತ್ತೆ, ಪಕ್ಕದಲ್ಲೇ ಹೊಸ ನಕ್ಷತ್ರ ಹುಟ್ಟೋ ಮೋಡ ಇತ್ತು, ಅದರ ಬೆಳಕು. ನಾನು ಬ್ಯಾಕ್‌ಗ್ರೌಂಡ್ ವಿಂಡೋನ (ಕಳೆಯಬೇಕಾದ ಹಿನ್ನೆಲೆ ಬೆಳಕು ಅಳೆಯೋ ಜಾಗ) ಮೋಡದಿಂದ ಆಚೆ ದೂರದಲ್ಲೆಲ್ಲೋ ಇಟ್ಟಿದ್ದೆ. ಎರಡೂ ಪಕ್ಕದಲ್ಲಿ ಹತ್ತಿರ ತಂದಿಟ್ಟು ಮತ್ತೆ ಕಳೆದೆ, ಸೂಜಿ ಮಾಯ, ಗುಡ್ಡ ಮಾತ್ರ ಉಳೀತು. ಮಾಮೂಲಿ ಟೈಪ್ ಟೂ. ನಿಜ ಹೇಳ್ಬೇಕಂದ್ರೆ 6716, 6731ರಲ್ಲಿ ಗಂಧಕದ ಜೋಡಿ ಗೆರೆ ಆಗ್ಲೇ ಕಾಣಿಸ್ತಿತ್ತು, ಅದು ಬರೋದೇ ತೀರಾ ವಿರಳವಾದ ಅನಿಲದಲ್ಲಿ, ನಕ್ಷತ್ರ ಈಗಷ್ಟೇ ಉಗುಳಿದ ದಟ್ಟ ಅನಿಲದಲ್ಲಿ ಬರಲ್ಲ. ಖುಷಿಯಲ್ಲಿ ಅದು ಕಣ್ಣಿಗೇ ಬೀಳ್ಲಿಲ್ಲ.

ಆಮೇಲೆ 2023ರ ಮೇ 19ಕ್ಕೆ ಜಪಾನಿನ ಇಟಗಾಕಿ ಅವರು ಎಂ101 ಅನ್ನೋ ಗ್ಯಾಲಕ್ಸಿಯಲ್ಲಿ 2023ಐಎಕ್ಸ್‌ಎಫ್ ಅನ್ನೋ ಸೂಪರ್‌ನೋವಾ ಹಿಡಿದ್ರಲ್ಲ, ಎರಡು ಕೋಟಿ ಚಿಲ್ಲರೆ ಜ್ಯೋತಿರ್ವರ್ಷ ಅಷ್ಟೇ ದೂರ, ಅದರ ಪಬ್ಲಿಕ್ ಸ್ಪೆಕ್ಟ್ರಮ್‌ಗಳನ್ನ ಇಳಿಸ್ಕೊಂಡು ಕೂತೆ. ಅದೂ ಎನ್‌ಜಿಸಿ 5461 ಅನ್ನೋ ದೊಡ್ಡ ಮೋಡದ ಹತ್ರಾನೇ ಇರೋದು, ಮತ್ತದೇ ಭಯ. ಆದ್ರೆ ಇಲ್ಲಿ 4686ರಲ್ಲಿ ಅಯಾನೀಕೃತ ಹೀಲಿಯಂ, ಜೊತೆಗೆ ಕಾರ್ಬನ್, ನೈಟ್ರೋಜನ್, ಚೂಪು ತುದಿ, ಬುಡದಲ್ಲಿ ಮಾತ್ರ ಲಂಗದ ಥರ ಅಗಲ (ಎಲೆಕ್ಟ್ರಾನ್‌ಗಳಿಗೆ ಬಡಿದು ಬೆಳಕು ಚದುರಿದ್ರೆ ಹಾಗಾಗುತ್ತೆ). ದಿನಾ ಒಂದೊಂದು ಪ್ಲಾಟ್ ಕೆಳಗೆ ಜೋಡಿಸ್ತಾ ಹೋದ್ರೆ ಒಂದು ವಾರದೊಳಗೆ ಎಲ್ಲಾ ಕರಗಿಹೋಯ್ತು. ಮೋಡ ಯಾವತ್ತೂ ವಾರದಲ್ಲಿ ಮಾಯ ಆಗಲ್ಲ ಕಣ್ರೀ!

ಅವತ್ತು ಹಾಳೆ ಮೇಲೆ ಗೀಚಿದ್ದು: ಗೆರೆ ಕರಗಿತು ಅಂದ್ರೆ ಸ್ಫೋಟದ ಅಲೆ ಆ ಉಗುಳಿದ ಅನಿಲನ ನುಂಗಿಬಿಡ್ತು ಅಂತ. ಅಲೆ ಸೆಕೆಂಡಿಗೆ 10,000 ಕಿ.ಮೀ. ವೇಗದಲ್ಲಿ 7 ದಿನ ಓಡಿದ್ರೆ ಸುಮಾರು 600 ಕೋಟಿ ಕಿ.ಮೀ., ಅಷ್ಟೇ ದೂರ ಹೋಗೋಕೆ 100 ಕಿ.ಮೀ. ವೇಗದ ಅನಿಲಕ್ಕೆ 700 ದಿನ ಬೇಕು. ಅಂದ್ರೆ ಆ ಅನಿಲ ನಕ್ಷತ್ರದಿಂದ ಹೊರಟಿದ್ದು ಸಾಯೋಕೆ ಬರೀ ಎರಡು ವರ್ಷ ಮುಂಚೆ. ಒರಟು ಲೆಕ್ಕಾನೇ, ಆದ್ರೂ ಕೋಟಿ ವರ್ಷದ ಹತ್ರ ಬಾಳಿದ ನಕ್ಷತ್ರದ ಕೊನೇ ಎರಡು ವರ್ಷ!

ಈಗ ಚೂಪು ಗೆರೆ ಕಂಡ್ರೆ ಯಾರಿಗೂ ಹೇಳಲ್ಲ, ಅದೇ ಸ್ಲಿಟ್ ಆಂಗಲ್‌ನಲ್ಲಿ ಮೂರು ದಿನ ಬಿಟ್ಟು ಇನ್ನೊಂದು ಸ್ಪೆಕ್ಟ್ರಮ್ ಕೇಳ್ತೀನಿ.